ನೀಹಾರಿಕೆ ಕಷ್ಟ, ನೆಬ್ಯುಲಾ ಸುಲಭವಂತೆ!

“ನೀಹಾರಿಕೆ ಅಂದ್ರೆ ಯಾರಿಗೆ ಅರ್ಥ ಆಗತ್ತೆ ಹೇಳಿ? ನೆಬ್ಯುಲಾ ಅಂತ ಬರೆದ್ರೆ ಮುಗೀತಲ್ಲ!”

ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವ ಮಾತು ಎದ್ದಾಗಲೆಲ್ಲ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇಂಥದ್ದೊಂದು ಉದಾಹರಣೆ ಬಂದೇ ಬರುತ್ತದೆ. ಹೇಳುವವರು ಕನ್ನಡದ ವೈರಿಗಳೇನೂ ಅಲ್ಲ, ನವೆಂಬರಿನಲ್ಲಿ ಹಳದಿ-ಕೆಂಪು ಶಾಲು ಹೊದ್ದು ಫೋಟೊ ತೆಗೆಸಿಕೊಳ್ಳುವವರೇ. ಅವರಿಗೆ ನನ್ನದೊಂದು ಮರುಪ್ರಶ್ನೆ. ನೆಬ್ಯುಲಾ ಅಂದ್ರೆ ನಿಮಗೆ ಎಂತ ಅರ್ಥ ಆಗುತ್ತದೆ ಮಾರಾಯ್ರೇ?

ಕೇಳಿಯೂ ನೋಡಿದ್ದೇನೆ. “ಅದೇ, ಸ್ಪೇಸಲ್ಲಿ ಕಲರ್ ಕಲರ್ ಆಗಿ ಇರತ್ತಲ್ಲ” ಅನ್ನುತ್ತಾರೆ. ಲ್ಯಾಪ್‌ಟಾಪಿನ ವಾಲ್‌ಪೇಪರ್ ನೋಡಿ ಆದ ಪರಿಚಯ ಅದು. ಪದದ ಅರ್ಥ ಗೊತ್ತಿರುವುದು ಬೇರೆ. ಲ್ಯಾಟಿನ್ನಿನಲ್ಲಿ ನೆಬ್ಯುಲಾ ಅಂದರೆ ಮಂಜು ಅಥವಾ ಮೋಡ, ಅಷ್ಟೇ. ಜರ್ಮನ್ನರು ಇವತ್ತಿಗೂ ಬೆಳಗಿನ ಮಂಜಿಗೂ ಆಕಾಶದಲ್ಲಿರುವ ಇದಕ್ಕೂ ನೇಬೆಲ್ ಎಂಬ ಒಂದೇ ಪದ ಬಳಸುತ್ತಾರೆ. ನಮ್ಮ ನಭೋಮಂಡಲದ ‘ನಭ’ ಕೂಡ ಇದೇ ಬೇರಿನದು. ಇನ್ನು ನೀಹಾರ ಅಂದರೂ ಮಂಜೇ. ಅಂದರೆ ನೀಹಾರಿಕೆ ಎಂದವರು ಲ್ಯಾಟಿನ್ನಿನವರು ಹೇಳಿದ್ದನ್ನೇ ಹೇಳಿದ್ದಾರೆ. ಸುಲಭ ಯಾವುದು, ಕಷ್ಟ ಯಾವುದು? ತಮಾಷೆ ಎಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಹೊತ್ತು ಆಟದ ಜಾಗದಲ್ಲಿ ನಿಂತು “ನಿಹಾರಿಕಾ” ಎಂದು ಕೂಗಿ, ಒಬ್ಬಳಾದರೂ ತಿರುಗಿ ನೋಡುತ್ತಾಳೆ. ಮಗಳಿಗೆ ಇಡುವಾಗ ಮುದ್ದಾಗಿದ್ದ ಹೆಸರು ಅವಳ ಪಾಠದಲ್ಲಿ ಬಂದ ಕೂಡಲೇ ಕಬ್ಬಿಣದ ಕಡಲೆ!

ನಮ್ಮದೇ ಕಸುಬು ತೆಗೆದುಕೊಳ್ಳಿ. ಕ್ಲಯಂಟ್ ಹೇಳಿದ್ದು ಸ್ಪಷ್ಟ ಇಲ್ಲದಿದ್ದರೆ “ರಿಕ್ವೈರ್‌ಮೆಂಟ್ ನೆಬ್ಯುಲಸ್ ಆಗಿದೆ” ಅನ್ನುತ್ತೇವೆ. ನಾಸಾದವರು ತಮ್ಮ ಕ್ಲೌಡ್ ವ್ಯವಸ್ಥೆಗೆ ನೆಬ್ಯುಲಾ ಎಂದೇ ಹೆಸರಿಟ್ಟಿದ್ದರು. 2010ರಲ್ಲಿ ಅದರಿಂದಲೂ ರ‍್ಯಾಕ್‌ಸ್ಪೇಸ್ ಕಂಪೆನಿಯ ಕೋಡಿನಿಂದಲೂ ಓಪನ್‌ಸ್ಟ್ಯಾಕ್ ಹುಟ್ಟಿತು. ಇಂಗ್ಲಿಷಿನವರು ತಮ್ಮ ಪದವನ್ನು ಬಿಚ್ಚಿ, ಹಿಗ್ಗಿಸಿ, ಆಡಿಸಿ ಬಳಸುತ್ತಾರೆ. ನಾವು ಎರಡೂ ಪದಗಳನ್ನು ಪ್ಯಾಕಿಂಗ್ ಒಡೆಯದೆ ಕಪಾಟಿನಲ್ಲಿಟ್ಟಿದ್ದೇವೆ.

ಪ್ಯಾಕಿಂಗ್ ಮಾಡಿದವರು ಯಾರು ಅಂತ ನೋಡಿದರೆ ಪಠ್ಯಪುಸ್ತಕದ ಭಾಷೆಗೂ ಬೈಯಬೇಕಾಗುತ್ತದೆ. ಕನ್ನಡಾಭಿಮಾನಿಗಳು ಇಲ್ಲಿ ಸಿಟ್ಟಾಗಬಾರದು. ನಾನು ಓದಿದ್ದು ಮಡಂತ್ಯಾರಿನ ಕಡೆ, ಕನ್ನಡ ಮೀಡಿಯಂ. “ಬಾಹ್ಯಾಕಾಶದಲ್ಲಿನ ಅನಿಲ ಮತ್ತು ಧೂಳಿನ ಬೃಹತ್ ಮೋಡಗಳನ್ನು ನೀಹಾರಿಕೆಗಳೆನ್ನುವರು” ಎಂದು ಬರೆಸಿದರು, ಅಡಿಗೆರೆ ಹಾಕಿಸಿದರು, ಎರಡು ಮಾರ್ಕು. ನೀಹಾರ ಅಂದರೆ ಏನು ಅಂತ ಯಾರೂ ಹೇಳಲಿಲ್ಲ. ಕ್ಲಾಸಿನಲ್ಲಿ ಕೂತ ಮುಕ್ಕಾಲು ಪಾಲು ಮಕ್ಕಳ ಮನೆಮಾತು ತುಳು. ಡಿಸೆಂಬರಿನ ಬೆಳಿಗ್ಗೆ ತೋಟದ ಅಡಿಕೆ ಮರಗಳ ನಡುವೆ ನಿಲ್ಲುವ ಮಂಜಿಗೆ ನಾವು ‘ಮೈಂದ್’ ಅನ್ನುತ್ತೇವೆ. “ನೀಹಾರ ಅಂದ್ರೆ ಮೈಂದ್ ಮಕ್ಕಳೇ, ಆಕಾಶದಲ್ಲಿ ಮೈಂದಿನ ಹಾಗೆ ಕಾಣುವುದಕ್ಕೆ ನೀಹಾರಿಕೆ ಅಂತ ಹೆಸರು” ಎನ್ನಲು ಎಷ್ಟು ಹೊತ್ತು ಬೇಕಿತ್ತು? ಪಿಯುಸಿಗೆ ಬಂದ ಮೇಲೆ ಅದೇ ವಾಕ್ಯ ಇಂಗ್ಲಿಷಿನಲ್ಲಿ ಬಂತು, ಅದನ್ನೂ ಬಾಯಿಪಾಠ ಮಾಡಿದೆವು. ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಟ್ಟು ಎರಡು ಸಲವೂ ಖಾಲಿ ಡಬ್ಬ ಮನೆಗೆ ತಂದ ಹಾಗೆ.

ಇದು ಬರೀ ಪದದ ಜಗಳ ಅಂದುಕೊಳ್ಳಬೇಡಿ. ಮಂಜು ಎಂಬ ಅರ್ಥ ಗೊತ್ತಿಲ್ಲದಿದ್ದರೆ ವಿಜ್ಞಾನದ ಒಂದು ದೊಡ್ಡ ಕತೆಯೇ ತಪ್ಪಿಹೋಗುತ್ತದೆ. 964ರಲ್ಲಿ ಪರ್ಷಿಯಾದ ಅಲ್ ಸೂಫಿ ಆಂಡ್ರೊಮಿಡಾ ಪುಂಜದಲ್ಲಿ ಕಂಡ ಮಸುಕನ್ನು ಸಣ್ಣ ಮೋಡ ಎಂದು ಬರೆದ. ಫ್ರಾನ್ಸಿನ ಮೆಸ್ಸಿಯೇ ಧೂಮಕೇತು ಹುಡುಕುವವನು. ಮಸುಕು ಮಸುಕಾಗಿ ಕಂಡು ದಾರಿ ತಪ್ಪಿಸುವ ಈ ಕಲೆಗಳದೊಂದು ಪಟ್ಟಿ ಮಾಡಿದ, 1781ರ ಹೊತ್ತಿಗೆ ಅದರಲ್ಲಿ 103 ಇದ್ದವು. ಮಸುಕಾಗಿ ಕಂಡದ್ದೆಲ್ಲ ನೆಬ್ಯುಲಾ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಒಂದರ ಬೆಳಕನ್ನು ಬಿಡಿಸಿ ನೋಡಿ ಅದು ನಿಜಕ್ಕೂ ಅನಿಲ ಎಂದು ತೋರಿಸಿದ. ಎಡ್ವಿನ್ ಹಬಲ್ 1923ರಲ್ಲಿ ಆಂಡ್ರೊಮಿಡಾದ ಮಸುಕಿನೊಳಗೆ ಬೆಳಕು ಹೆಚ್ಚು-ಕಡಿಮೆ ಆಗುವ ನಕ್ಷತ್ರವೊಂದನ್ನು ಹಿಡಿದು ದೂರ ಲೆಕ್ಕ ಹಾಕಿದ. ಅದು ಮೋಡವೇ ಅಲ್ಲ, ನಮ್ಮ ಆಕಾಶಗಂಗೆಯಂಥ ಇನ್ನೊಂದು ಗೆಲಾಕ್ಸಿ ಎಂದಾಯಿತು. ಹಳೆಯ ಪುಸ್ತಕದಲ್ಲಿ “ಆಂಡ್ರೊಮಿಡಾ ನೆಬ್ಯುಲಾ” ಎಂದಿದ್ದರೆ ಈಗಿನ ವ್ಯಾಖ್ಯೆ ಬಾಯಿಪಾಠ ಮಾಡಿದ ಹುಡುಗ ತಬ್ಬಿಬ್ಬಾಗುತ್ತಾನೆ. ಮಂಜು ಎಂದು ತಿಳಿದವನಿಗೆ ಗೊಂದಲವೇ ಇಲ್ಲ. ಆಗ ಮಂಜಾಗಿ ಕಂಡಿತ್ತು, ಆಮೇಲೆ ಒಳ್ಳೆಯ ದೂರದರ್ಶಕ ಬಂತು.

ಹಾಗಂತ ಮಂಜು ಎಂದುಬಿಟ್ಟರೆ ಎಲ್ಲ ಮುಗಿಯಿತು ಅಂತ ನಾನು ಹೇಳುವುದಿಲ್ಲ. ಮಹಾವ್ಯಾಧದ ನೀಹಾರಿಕೆ ಬರಿಗಣ್ಣಿಗೆ ಕಾಣುತ್ತದೆ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ, ದೀಪ ಇಲ್ಲದ ಗದ್ದೆಬದಿಯಲ್ಲಿ ನಿಂತು ತಲೆ ಎತ್ತಿ. ಸಾಲಾಗಿ ಮೂರು ನಕ್ಷತ್ರ ಉಂಟು, ಅದರ ಕೆಳಗೆ ನೇತಾಡುವ ಸಣ್ಣ ಸಾಲಿನ ನಡುವಿನದು ಮಸುಕು. ಸುಮಾರು 1,350 ಜ್ಯೋತಿರ್ವರ್ಷ ದೂರ. ಅದರ ದಟ್ಟ ಭಾಗದಲ್ಲೂ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರದ ಆಸುಪಾಸು ಕಣ. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ಅದರೊಳಗೆ ಹೋಗಿ ನಿಂತರೆ ನಿಮ್ಮ ಕೈ ನಿಮಗೆ ಚೆನ್ನಾಗಿಯೇ ಕಂಡೀತು, ಮಳೆಗಾಲದ ಚಾರ್ಮಾಡಿ ಘಾಟಿಯಲ್ಲಿ ಮುಂದಿನ ಬಸ್ಸೇ ಕಾಣದ ಹಾಗಲ್ಲ. ಜ್ಯೋತಿರ್ವರ್ಷಗಟ್ಟಲೆ ಹರಡಿರುವುದರಿಂದ ದೂರದಿಂದ ಮೋಡ. ಪದ ಎಲ್ಲಿವರೆಗೆ ಸರಿ, ಎಲ್ಲಿಂದ ತಪ್ಪು ಎನ್ನುವುದೇ ಪಾಠ ಆಗಬೇಕಿತ್ತು.

‘ಗ್ರಹೀಯ ನೀಹಾರಿಕೆ’ ಅಂತೂ ಕೇಳಲೇಬೇಡಿ. ದೂರದರ್ಶಕದಲ್ಲಿ ಗ್ರಹದ ಬಿಲ್ಲೆಯ ಹಾಗೆ ಕಂಡಿತೆಂದು ವಿಲಿಯಂ ಹರ್ಷೆಲ್ 1780ರ ದಶಕದಲ್ಲಿ ಇಟ್ಟ ಹೆಸರು. ಅದು ಮುದಿ ನಕ್ಷತ್ರ ಉದುರಿಸಿದ ಹೊರಪದರ, ಗ್ರಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷಿನ ಎಡವಟ್ಟನ್ನು ನಾವು ನಿಷ್ಠೆಯಿಂದ ಅನುವಾದ ಮಾಡಿಕೊಂಡಿದ್ದೇವೆ. ಪುತ್ತೂರಿನಲ್ಲಿ ಕೂತು ಕಾರಂತರು ಮೂರು ಸಂಪುಟ ‘ಬಾಲ ಪ್ರಪಂಚ’, ನಾಲ್ಕು ಸಂಪುಟ ‘ವಿಜ್ಞಾನ ಪ್ರಪಂಚ’ ಬರೆದ ಜಿಲ್ಲೆ ನಮ್ಮದು. ಅವರ ಕೈಯಲ್ಲಿ ಕೀಬೋರ್ಡೂ ಇರಲಿಲ್ಲ, ಸರ್ಚ್ ಎಂಜಿನ್ನೂ ಇರಲಿಲ್ಲ.

“ಆದ್ರೆ ಸಿಇಟಿ, ನೀಟ್, ಎಲ್ಲ ಇಂಗ್ಲಿಷಲ್ವಾ?” ಎಂಬ ಕೊನೆಯ ಅಸ್ತ್ರ ಬರುತ್ತದೆ, ಗೊತ್ತು. ಬರಲಿ. ಮೈಂದ್ ಗೊತ್ತಿರುವ ಮಗುವಿಗೆ ನೀಹಾರಿಕೆ ಅರ್ಧ ನಿಮಿಷ, ನೆಬ್ಯುಲಾ ಇನ್ನರ್ಧ ನಿಮಿಷ.