ಕಪಟಿಗೊಂದು ಬೋನು

ಶಕುನಿಯ ದಾಳಗಳು ಇಂದು ಗಣಕಯಂತ್ರವನ್ನೂ ಹೊಕ್ಕಿವೆ. ಅಂತರ್ಜಾಲದಲ್ಲಿ ಐವರೆದುರು ಐವರು ಕಾದಾಡುವ ‘ಡೋಟಾ 2’ ಆಟದಲ್ಲಿ, ಕೆಲವರು ಕಳ್ಳ ತಂತ್ರಾಂಶದ ಮೂಲಕ ಕಣ್ಣಿಗೆ ಕಾಣಬಾರದ ಒಳಮಾಹಿತಿಯನ್ನು ಇಣುಕಿ ನೋಡತೊಡಗಿದರು. ಒಬ್ಬನ ಈ ಕಪಟದಿಂದ ಉಳಿದ ಒಂಬತ್ತು ಮಂದಿಯ ಆಟ ಹುಸಿಯಾಗುತ್ತಿತ್ತು.

ಆಟದ ಒಡೆತನವುಳ್ಳ ವಾಲ್ವ್ ಸಂಸ್ಥೆಯು ಆಗ ಬೋನೊಂದನ್ನು ಒಡ್ಡಿತು: ಪ್ರಾಮಾಣಿಕನ ಯಂತ್ರವು ಎಂದೂ ಓದದ ಮಾಹಿತಿಯನ್ನು ಆಟದೊಳಗೆ ಅಡಗಿಸಿಟ್ಟಿತು. ಅದನ್ನು ಮುಟ್ಟಿದವನು ಕಳ್ಳನೆಂಬುದು ನಿಸ್ಸಂದೇಹ. 2023ರ ಫೆಬ್ರವರಿಯಲ್ಲಿ 40,000ಕ್ಕೂ ಮಿಕ್ಕ ಖಾತೆಗಳು ಶಾಶ್ವತವಾಗಿ ಬಹಿಷ್ಕೃತವಾದವು. ವೃತ್ತಿ ಆಟಗಾರರಿಗೂ ವಿನಾಯಿತಿ ಇಲ್ಲವೆಂದು ಸಂಸ್ಥೆಯು ಸಾರಿತು. ಬೋನಿನ ಗುಟ್ಟನ್ನೂ ತಾನೇ ಹೊರಗೆಡಹಿತು.

ಇನ್ನೊಂದು ಬೋನು ಎಲ್ಲಿದೆಯೋ ಎಂದು ಶಂಕಿಸುವ ಕೈ, ಮತ್ತೆ ಕಪಟಕ್ಕೆ ಚಾಚುವ ಮುನ್ನ ನಡುಗದಿರದು.