ಸಹಿ ಹಾಕದ ಹುಡುಗಿ

“ಟೀಚರ್, ನೀವಾದ್ರೂ ಅವಳಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದು ಕೂತರು.

ಹುಡುಗಿ ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್. ಒಂದು ಲಾಟಿನ ಬ್ರಾಕೆಟ್ಟುಗಳಲ್ಲಿ ರಂಧ್ರದ ಅಳತೆ ನಕ್ಷೆಯ ಮಿತಿಯನ್ನು ದಾಟಿತ್ತಂತೆ. ಎಷ್ಟು ಎನ್ನುತ್ತೀರಿ? ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಮೂರು ಪಾಲು. ತಲೆಕೂದಲೂ ಅದಕ್ಕಿಂತ ದಪ್ಪ. ಇವಳು ಕೆಂಪು ಚೀಟಿ ಅಂಟಿಸಿ ಮಾಲನ್ನು ಬೇರೆ ಇಡಿಸಿದಳು. ತಿಂಗಳ ಕೊನೆ, ಅಂದೇ ಮಾಲು ಹೊರಡಬೇಕಿತ್ತು. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮಾ” ಎಂದರು ಮೇಲಿನವರು. ಇವಳು ಸಹಿ ಹಾಕಲಿಲ್ಲ. ಆ ವರ್ಷದ ಬಡ್ತಿ ಹೋಯಿತು. ಮಧ್ಯಾಹ್ನ ಊಟಕ್ಕೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲವಂತೆ.

“ಹೋದ ಮನೇಲೂ ಹೀಗೇ ಹಟ ಹಿಡಿದ್ರೆ?” ಎನ್ನುವುದು ತಾಯಿಯ ಚಿಂತೆ. ನಾನೂ ಮೊದಲು ತಲೆಯಾಡಿಸಿದೆ ಎನ್ನಲು ನಾಚಿಕೆಯಾಗುತ್ತದೆ.

ಅದು ಹಟವೇ? ಅಳತೆ ತಪ್ಪಿದ ಭಾಗವನ್ನು ಬಳಸಬಹುದೋ ಬಾರದೋ ಎಂದು ತಿಳಿಯಲು ದಾರಿಯಿದೆ. ವಿನ್ಯಾಸ ಮಾಡಿದವರಿಗೆ ಬರೆದು ಕೇಳಬೇಕು. ಅವರು ಲೆಕ್ಕ ಹಾಕಿ ಒಪ್ಪಿದರೆ ಆ ಒಪ್ಪಿಗೆಯೂ ದಾಖಲೆಯಾಗುತ್ತದೆ. ಅವಳು ಕೇಳಿದ್ದು ಇಷ್ಟನ್ನೇ. ಆದರೆ ಅದಕ್ಕೆ ದಿನ ಹಿಡಿಯುತ್ತದೆ, ಸಹಿಗೆ ಅರೆಗಳಿಗೆ ಸಾಕು.

ಗಂಡಿನ ಕಡೆಯವರೊಬ್ಬರು “ಬಿ.ಇ. ಓದಿ ಅಳೆಯೋ ಕೆಲಸಾನಾ?” ಎಂದು ಮೂಗು ಮುರಿದರಂತೆ. ಹೌದು ಸ್ವಾಮಿ, ಅಳೆಯುವ ಕೆಲಸವೇ. ಅಳೆಯುವ ಕೋಣೆಯನ್ನು 20 ಡಿಗ್ರಿಯಲ್ಲೇ ಇಡುತ್ತಾರೆ, ಸೆಖೆಗೆ ಲೋಹ ಹಿಗ್ಗಿದರೆ ಅಳತೆ ಸುಳ್ಳು ಹೇಳುತ್ತದೆಂದು. ಅಳೆಯುವ ಉಪಕರಣವನ್ನೂ ಅವಧಿಗೊಮ್ಮೆ ಪರೀಕ್ಷೆಗೆ ಒಡ್ಡುತ್ತಾರೆ. ಒಂದು ಬ್ರಾಕೆಟ್ ಹಿಡಿದುಕೊಂಡು ಅದರ ಲೋಹ ಯಾವ ಎರಕದ್ದು, ಯಾವ ಯಂತ್ರದಲ್ಲಿ ಕೊರೆದದ್ದು, ಯಾರು ನೋಡಿ ಒಪ್ಪಿದ್ದು ಎಂದು ಕಾಗದಗಳ ಮೂಲಕ ಹಿಂದಕ್ಕೆ ಹೋಗಬಹುದು. ನಮ್ಮ ಜಾತಕ ನೋಡುವವರಿಗೂ ಅಷ್ಟು ಪೂರ್ವಾಪರ ಗೊತ್ತಿರುವುದಿಲ್ಲ!

ಕಾಗದ ತಪ್ಪಿದರೆ ಏನಾಗುತ್ತದೆ ಎಂಬುದು ಲೋಕಕ್ಕೇ ಗೊತ್ತಾಗಿದೆ. 2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸಿನ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನ ಮೇಲೇರುತ್ತಿದ್ದಾಗ, ಬಾಗಿಲಿನ ಜಾಗವನ್ನು ಮುಚ್ಚಿದ್ದ ದೊಡ್ಡ ಫಲಕ ಕಿತ್ತು ಹಾರಿಹೋಯಿತು. ಒಳಗೆ 177 ಜನ. ಅದರ ಪಕ್ಕದ ಸೀಟು ಖಾಲಿಯಿತ್ತು, ಯಾರೂ ಸಾಯಲಿಲ್ಲ. ದೇವರು ದೊಡ್ಡವನು ಎನ್ನುತ್ತೇವೆ. ಇಂಜಿನಿಯರು ಹಾಗೆಂದು ಕೂರುವಂತಿಲ್ಲ. ಫಲಕವನ್ನು ಹಿಡಿದಿಡಬೇಕಾದ ನಾಲ್ಕು ಬೋಲ್ಟುಗಳೇ ಅಲ್ಲಿರಲಿಲ್ಲವೆಂದು ತನಿಖೆ ಕಂಡುಕೊಂಡಿತು. ಕಾರ್ಖಾನೆಯಲ್ಲಿ ರಿವೆಟ್ ರಿಪೇರಿಗೆಂದು ಫಲಕ ತೆರೆದಿದ್ದರು, ತೆರೆದದ್ದಕ್ಕೆ ದಾಖಲೆ ಇಡಲಿಲ್ಲ. ತೆರೆದದ್ದೇ ದಾಖಲೆಯಲ್ಲಿಲ್ಲದ ಮೇಲೆ ಸರಿಯಾಗಿ ಮುಚ್ಚಿದ್ದಾರೆಯೇ ಎಂದು ಯಾರು ನೋಡಬೇಕು?

ಹೆಣ್ಣುಮಕ್ಕಳಿಗೆ ನಾವು ತೊಟ್ಟಿಲಿನಿಂದಲೇ ಹೇಳಿಕೊಡುವ ಮಾತು, ಹೊಂದಿಕೊಂಡು ಹೋಗು. ಅತ್ತೆಯೊಂದಿಗೆ, ಗಂಡನೊಂದಿಗೆ, ಬಸ್ಸಿನಲ್ಲಿ, ಆಫೀಸಿನಲ್ಲಿ. ಅವಳು ಚೆನ್ನಾಗಿ ಓದಿ ಇಂಥ ಕೆಲಸಕ್ಕೆ ಸೇರಿದಾಗ ಬೀದಿಗೆಲ್ಲ ಸಿಹಿ ಹಂಚುತ್ತೇವೆ. ಆಗುವುದಿಲ್ಲ ಎಂದು ಹೇಳುವುದಕ್ಕೇ ಆ ಕೆಲಸದಲ್ಲಿ ಸಂಬಳ ಕೊಡುತ್ತಾರೆ. ಅದನ್ನು ಹೇಳಿದ ದಿನ ಮಾತ್ರ, ಬುದ್ಧಿ ಹೇಳಿ ಎಂದು ಟೀಚರ ಮನೆಗೆ ಬರುತ್ತೇವೆ.

ಆ ಟೀಚರಾದರೂ ಎಂಥವಳು? ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾನು ಶನಿವಾರ ಒಟ್ಟಿಗೆ ಕೂತು ಆರೂ ದಿನಕ್ಕೆ “ಉತ್ತಮ” ಎಂದು ಬರೆದು ಸಹಿ ಹಾಕಿದ್ದುಂಟು. ಎಲ್ಲರೂ ಹಾಗೇ ಮಾಡುತ್ತಿದ್ದರು. ಈ ಹುಡುಗಿ ಅಲ್ಲಿ ನನ್ನ ಮುಂದೆಯೇ ಸಾಲಿನಲ್ಲಿ ಕೂತು ಉಂಡವಳು.

“ನಾನು ಹೇಳುವುದಿಲ್ಲಮ್ಮ. ಅವಳು ಮಾಡಿದ್ದೇ ಸರಿ” ಎಂದೆ. ತಾಯಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಸೋಮವಾರ ಅಡುಗೆಕೋಣೆಗೆ ಹೋಗಿ ಸೌಟಿನಿಂದ ಸಾಂಬಾರು ಕೈಗೆ ಹಾಕಿಸಿಕೊಂಡು ನೋಡಿದೆ. ಬೇಳೆ ಬೆಂದಿರಲಿಲ್ಲ. ಹಾಗೆಂದೇ ಬರೆದೆ. ಊಟ ಅರ್ಧ ಗಂಟೆ ತಡವಾಯಿತು. ಅಡುಗೆಯಾಕೆ ಇನ್ನೂ ನನ್ನೊಡನೆ ಮಾತು ಬಿಟ್ಟಿದ್ದಾಳೆ.