ಊಟಕ್ಕೆ ಏನು ಮಾಡಿದಿರಿ?

ಯೂರೋಪಿನಿಂದ ಹಿಂದಿರುಗಿದ ದಿನದಿಂದ ನನ್ನನ್ನು ಕಂಡವರೆಲ್ಲ ಕೇಳಿದ ಪ್ರಶ್ನೆ ಒಂದೇ: "ಊಟಕ್ಕೆ ಏನು ಮಾಡಿದಿರಿ?" ಸಹೋದ್ಯೋಗಿಗಳು ಕೇಳಿದರು, ವಿದ್ಯಾರ್ಥಿಗಳು ಕೇಳಿದರು, ಹಾಲು ತಂದುಕೊಡುವ ಹುಡುಗನೂ ಕೇಳಿದ. ಲೂವ್ರ್ ಸಂಗ್ರಹಾಲಯದಲ್ಲಿ ಏನು ಕಂಡಿರಿ ಎಂದು ವಿಚಾರಿಸಿದವರು ಇಬ್ಬರೋ ಮೂವರೋ. ಮೊದಮೊದಲು ನನಗೆ ಬೇಸರವೇ ಆಯಿತು. ಸಾವಿರಾರು ಮೈಲಿ ಹೋಗಿ ಬಂದವನನ್ನು ಹೊಟ್ಟೆಯ ವಿಚಾರ ಕೇಳುವುದೇ ಎಂದುಕೊಂಡೆ. ಈಗ ಹಾಗೆನ್ನಿಸುವುದಿಲ್ಲ. ಪ್ರಶ್ನೆ ಸರಿಯಾದದ್ದೇ, ಕೇಳುವ ದನಿ ಮಾತ್ರ ಸರಿಯಿಲ್ಲ. ‘ಪಾಪ, ಹೇಗೆ ಬದುಕಿ ಬಂದಿರೋ’ ಎಂಬ ಮರುಕ ಅದರಲ್ಲಿರುತ್ತದೆ. ಪರದೇಶದ ಊಟವೆಂದರೆ ಹೇಗಾದರೂ ದಾಟಿಬಿಡಬೇಕಾದ ಹೊಳೆ ಎಂಬ ಭಾವನೆ ನಮ್ಮ ಪ್ರವಾಸಿಗಳಲ್ಲಿ ಬೇರೂರಿಬಿಟ್ಟಿದೆ. ಅದರ ಬಗೆಗೆ ಈ ವಾರ ನಾಲ್ಕು ಮಾತು ಬರೆಯಬೇಕೆನ್ನಿಸಿದೆ.

ಹೊರಡುವಾಗ ನಾನೂ ಆ ಭಾವನೆಯವನೇ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣಗಳು. ನಾನು ಸೇರಿಕೊಂಡ ಪ್ರವಾಸದ ತಂಡದವರು ‘ಪ್ರತಿ ರಾತ್ರಿ ಭಾರತೀಯ ಭೋಜನ’ ಎಂದು ಅಚ್ಚುಹಾಕಿಸಿಯೇ ನಮ್ಮನ್ನು ಕರೆದೊಯ್ದಿದ್ದರು. ಮಾತಿಗೆ ತಪ್ಪಲಿಲ್ಲ. ಪ್ಯಾರಿಸ್ಸಿನಲ್ಲಿ ಮೂರು ರಾತ್ರಿಯೂ ಒಂದೇ ಬಣ್ಣದ ಪನ್ನೀರು, ಒಂದೇ ನೀರು ಬೇಳೆ. ಆ ಊಟದ ಮನೆಗೆ ಹೋಗುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಬೇಕರಿಗಳು ಕಾಣುತ್ತಿದ್ದವು. ಕಂಕುಳಲ್ಲಿ ಉದ್ದನೆಯ ಬ್ರೆಡ್ಡು ಸಿಕ್ಕಿಸಿಕೊಂಡು, ಅದರ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಜನ ಮನೆಗೆ ನಡೆಯುತ್ತಿದ್ದರು. ಬಗೆಟ್ ಎಂಬ ಈ ಬ್ರೆಡ್ಡನ್ನು ‘ಸಂಪ್ರದಾಯದ ಬ್ರೆಡ್ಡು’ ಎಂದು ಹೇಳಿ ಮಾರಬೇಕಾದರೆ ಅದರ ಹಿಟ್ಟಿಗೆ ಯಾವ ಕೃತಕ ವಸ್ತುವನ್ನೂ ಬೆರೆಸಕೂಡದು, ಹಿಟ್ಟನ್ನು ಹಿಮಗಟ್ಟಿಸಿ ಇಡಕೂಡದು ಎಂದು ಫ್ರೆಂಚ್ ಸರಕಾರ 1993ರಲ್ಲಿ ಕಟ್ಟಳೆ ಮಾಡಿದೆ. 2022ರಲ್ಲಿ ಯುನೆಸ್ಕೋ ಸಂಸ್ಥೆ ಬಗೆಟ್ ಮಾಡುವ ಕುಶಲತೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಧಿಹಿಟ್ಟು, ನೀರು, ಉಪ್ಪು, ಹುದುಗು. ನಮ್ಮಲ್ಲಿ ಯಾರ ನೇಮಕ್ಕೂ ಅಡ್ಡಬರುವ ಪದಾರ್ಥ ಅದರಲ್ಲಿಲ್ಲ. ಆದರೂ ನಾವು ನಲವತ್ತು ಜನ ಬಸ್ಸಿನೊಳಗೆ ಕುಳಿತು ಖಾಕ್ರ ಹಂಚಿಕೊಳ್ಳುತ್ತಿದ್ದೆವು.

ಮೂರನೆಯ ಬೆಳಗ್ಗೆ ನಾನೊಬ್ಬನೇ ಎದ್ದುಹೋಗಿ ಮೂಲೆಯ ಅಂಗಡಿಯಲ್ಲಿ ಒಂದು ಕ್ರುವಾಸ್ಸಾನ್ ತಿಂದೆ. ಬೆಣ್ಣೆಯ ಪದರಗಳ ಆ ಅರ್ಧಚಂದ್ರ ಫ್ರಾನ್ಸಿನದೆಂದೇ ಲೋಕ ತಿಳಿದಿದೆ. ಅದರ ಮೂಲರೂಪವಾದ ಕಿಪ್‌ಫರ್ಲ್ ವಿಯೆನ್ನದ್ದು. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಜಾಂಗ್ ಎಂಬ ಆಸ್ಟ್ರಿಯದವನು ಪ್ಯಾರಿಸ್ಸಿನಲ್ಲಿ ವಿಯೆನ್ನದ ಮಾದರಿಯ ಬೇಕರಿಯನ್ನು ತೆರೆದು ಅದನ್ನು ಅಲ್ಲಿ ಪ್ರಚಾರಕ್ಕೆ ತಂದ. ಅದೇ ಜಾಂಗ್ ತನ್ನ ದೇಶಕ್ಕೆ ಮರಳಿ 1848ರಲ್ಲಿ ‘ದೀ ಪ್ರೆಸ್ಸೆ’ ಎಂಬ ದಿನಪತ್ರಿಕೆಯನ್ನು ಸ್ಥಾಪಿಸಿದ. ಬೆಳಗಿನ ತಿಂಡಿ, ಬೆಳಗಿನ ಪತ್ರಿಕೆ ಎರಡನ್ನೂ ಒದಗಿಸಿದ ಈ ಮಹನೀಯನಿಗೆ ಪತ್ರಿಕೆಯಲ್ಲಿ ಬರೆಯುವ ನಾವು ಒಂದು ನಮಸ್ಕಾರ ಸಲ್ಲಿಸಬೇಕು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನು ಮಾಂಸ ತಿನ್ನುವವನಲ್ಲ. ಮನೆಯೊಳಕ್ಕೆ ಮೊಟ್ಟೆ ಬರುವುದಿಲ್ಲ. ಹೊರಗೆ ಕೇಕಿನಲ್ಲಿ ಅಡಗಿ ಬಂದರೆ ವಿಚಾರಿಸದೆ ತಿಂದು ಸುಮ್ಮನಾಗುವ ಜಾಣತನ ನನ್ನದು. ಪ್ಯಾರಿಸ್ಸಿನಲ್ಲೂ ಹಾಗೆಯೇ ಮಾಡಿದೆ. ಏನು ತಿಂದೆನೆಂದು ಕೇಳಲೂ ಇಲ್ಲ, ತಿಳಿಯಲೂ ಇಲ್ಲ. ಈ ಜಾಣತನದ ಬಡತನ ನನಗೆ ಗೊತ್ತಾದದ್ದು ವಿಯೆನ್ನದಲ್ಲಿ, ಬೆಳಗಾವಿಯ ಒಬ್ಬ ಹಿರಿಯ ಗೃಹಿಣಿಯಿಂದ.

ನಮ್ಮ ತಂಡದಲ್ಲಿದ್ದ ಆಕೆಯನ್ನು ಎಲ್ಲರೂ ಕಾಕು ಎಂದೇ ಕರೆಯುತ್ತಿದ್ದೆವು. ವಯಸ್ಸು ಎಪ್ಪತ್ತರ ಸಮೀಪ. ನೇಮನಿಷ್ಠೆ ಬಲು ಬಿಗಿ. ಪ್ಯಾರಿಸ್ಸಿನಲ್ಲಿ ಹಣ್ಣು, ಮೊಸರುಗಳ ಹೊರತು ಹೊರಗಿನದೇನನ್ನೂ ಮುಟ್ಟಿರಲಿಲ್ಲ. ವಿಯೆನ್ನದಲ್ಲಿ ಮಧ್ಯಾಹ್ನ ಮಳೆ ಹಿಡಿದುಕೊಂಡಾಗ ನಾವು ಐದಾರು ಜನ ಒಂದು ಸಣ್ಣ ಕಾಫಿಮನೆ ಹೊಕ್ಕೆವು. ಒಳಗಡೆ ಗಾಜಿನ ಆಚೆ ಒಬ್ಬ ಅಡಿಗೆಯವನು ಸ್ಟ್ರೂಡೆಲ್ ಮಾಡುತ್ತಿದ್ದ. ಮೇಜಿನ ಮೇಲೆ ಹಿಟ್ಟು ಉದುರಿಸಿದ ಬಟ್ಟೆ. ಅದರ ಮೇಲೆ ಕಣಕವನ್ನು ಎರಡೂ ಕೈಗಳ ಹಿಂಬದಿಯಿಂದ ಮೆಲ್ಲಮೆಲ್ಲನೆ ಹಿಗ್ಗಿಸುತ್ತ, ಮೇಜಿನ ಅಂಚು ಮೀರಿ ಇಳಿಬೀಳುವಷ್ಟು ತೆಳ್ಳಗೆ ಮಾಡುತ್ತಿದ್ದ. ಕಣಕದ ಕೆಳಗಿಟ್ಟ ಓಲೆಯನ್ನು ಓದಲು ಬರಬೇಕು, ಅಷ್ಟು ತೆಳುವಾಗಬೇಕು ಎಂಬುದು ಆ ಕಡೆಯ ಹಳೆಯ ಮಾತು. ನಾವು ಕಾಫಿಯ ಬೆಲೆ ನೋಡುತ್ತಿದ್ದೆವು. ಕಾಕು ಗಾಜಿನ ಬಳಿ ನಿಂತುಬಿಟ್ಟಿದ್ದರು.

"ಮಾಸ್ತರ, ಇದು ನಮ್ಮ ಮಂಡಿಗಿ ಕಣಕದ ಹಂಗ ಅದ ನೋಡ್ರಿ. ಕೈ ಹಿಂಗ ತಿರವಿದರನ ಹರಿಯೂದಿಲ್ಲ."

ನಾನು ತಲೆಯಾಡಿಸಿದೆ. ಕೈಯ ಮೇಲೆ ತಿರುಗಿಸುತ್ತ ಹಿಗ್ಗಿಸಿ, ಬೋರಲು ಹಾಕಿದ ಗಡಿಗೆಯ ಮೇಲೆ ಬೇಯಿಸುವ ಬೆಳಗಾವಿಯ ಮಂಡಿಗೆ ನನಗೂ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಮಂಡಕ ಎಂಬ ಹೆಸರಿನಲ್ಲಿ ಅದರ ಪಾಕ ಬಂದಿದೆ ಎಂಬುದನ್ನು ತರಗತಿಯಲ್ಲಿ ಹೇಳಿಯೂ ಇದ್ದೇನೆ. ಆದರೆ ಗಾಜಿನ ಆಚೆಯ ಕೈಯಲ್ಲಿ ಅದನ್ನು ಗುರುತಿಸಿದವನು ನಾನಲ್ಲ.

"ತತ್ತಿ ಹಾಕ್ಯಾರೇನು, ಕೇಳ್ರಿ ಮೊದಲ," ಎಂದರು ಕಾಕು. ಸಂಕೋಚದಿಂದಲೇ ಕೇಳಿದೆ. ಅಡಿಗೆಯವನು ಬೇಸರಿಸದೆ ಹೊರಗೆ ಬಂದು ಬೆರಳು ಮಡಿಸಿ ಎಣಿಸಿದ: ಕಣಕಕ್ಕೆ ಗೋಧಿಹಿಟ್ಟು, ನೀರು, ಎಣ್ಣೆ, ಚಿಟಿಕೆ ಉಪ್ಪು; ಒಳಗೆ ಸೇಬು, ಒಣದ್ರಾಕ್ಷಿ, ಸಕ್ಕರೆ, ದಾಲ್ಚಿನ್ನಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ. ಕೆಲವರು ಕಣಕಕ್ಕೆ ಮೊಟ್ಟೆ ಹಾಕುತ್ತಾರೆ, ತಾನು ಹಾಕುವುದಿಲ್ಲ. ಕಾಕು ಬ್ರೆಡ್ಡಿನ ಪುಡಿ ಏತಕ್ಕೆಂದು ಕೇಳಿಸಿದರು. ಸೇಬಿನ ರಸ ಹೀರಿಕೊಂಡು ಪದರ ಒದ್ದೆಯಾಗದಂತೆ ಕಾಯುವುದಕ್ಕೆ. ಆಮೇಲೆ ಆತ ನಿಂಬೆಯ ಗಾತ್ರದ ಕಣಕ ತಂದು ಆಕೆಯ ಕೈಯಲ್ಲಿಟ್ಟ. ಕಾಕು ಬಳೆಗಳನ್ನು ಮೇಲಕ್ಕೆ ಸರಿಸಿ ನಾಲ್ಕು ಸಲ ತಿರುವಿದರು. ಅಂಗೈಯಗಲದ ಕಣಕ ಮೊಣಕೈವರೆಗೆ ಹರಡಿತು. ಅಡಿಗೆಯವನು ಒಳಗಿದ್ದ ತನ್ನ ಜೊತೆಯವರನ್ನು ಕೂಗಿ ಕರೆದ.

ಅಂದು ಕಾಕು ಸ್ಟ್ರೂಡೆಲ್ ತಿಂದರು. ನೇಮ ಒಂದಿಷ್ಟೂ ಸಡಿಲಾಗಲಿಲ್ಲ.

ಸ್ಟ್ರೂಡೆಲಿನ ತೆಳು ಕಣಕದ ವಿದ್ಯೆ ತುರ್ಕರ ಪದರದ ಭಕ್ಷ್ಯಗಳಿಂದ ಹಂಗೆರಿಯ ಮಾರ್ಗವಾಗಿ ವಿಯೆನ್ನಕ್ಕೆ ಬಂತೆಂದು ಬಲ್ಲವರ ಮತ. ಅದರ ಬಹು ಹಳೆಯ ಪಾಕವೊಂದು 1696ರ ಕೈಬರಹದ ಪುಸ್ತಕದಲ್ಲಿದ್ದು, ಆ ಪುಸ್ತಕವನ್ನು ವಿಯೆನ್ನ ನಗರದ ಗ್ರಂಥಾಲಯದಲ್ಲಿ ಕಾಪಾಡಿಟ್ಟಿದ್ದಾರೆ. ತಿಂಡಿಯ ವಿಷಯದಲ್ಲಿ ಆ ಊರಿನವರ ಶ್ರದ್ಧೆ ನಮ್ಮ ಗ್ರಂಥಸಂಪಾದಕರನ್ನು ನಾಚಿಸುವಂಥದು. ಸಾಖರ್ ಟಾರ್ಟೆ ಎಂಬ ಚಾಕೊಲೇಟಿನ ಕೇಕಿನ ‘ಮೂಲ’ ಯಾರದೆಂದು ಸಾಖರ್ ಹೋಟೆಲಿನವರಿಗೂ ಡೆಮೆಲ್ ಅಂಗಡಿಯವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು 1963ರಲ್ಲಿ ರಾಜಿಯಾಯಿತು. ಜರದಾಳು ಹಣ್ಣಿನ ಪಾಕವನ್ನು ಕೇಕಿನ ನಡುವೆಯೂ ಹಚ್ಚಬೇಕೋ, ಮೇಲಿನ ಚಾಕೊಲೇಟಿನ ಅಡಿಯಲ್ಲಿ ಮಾತ್ರವೋ ಎಂಬುದೂ ವಾದದ ಒಂದು ಅಂಶ! ಪಂಪನ ಪಾಠಾಂತರಗಳಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನು ಕೇಳಿಲ್ಲ.

ತಂಡ ಸ್ವದೇಶಕ್ಕೆ ಹೊರಟ ಮೇಲೆ ನಾನು ನಾಲ್ಕು ದಿನ ಲಿಸ್ಬನ್ನಿನಲ್ಲಿ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿದ್ದೆ. ಕಾಕುವಿನಿಂದ ಕಲಿತ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಅಂಗಡಿಯ ಗಾಜಿನ ಹಿಂದಿನ ಪ್ರತಿಯೊಂದರ ಹೆಸರನ್ನೂ ಒಳಗಿನ ಪದಾರ್ಥವನ್ನೂ ಕೇಳತೊಡಗಿದೆ. ಶಿಷ್ಯ ಬ್ರೆಡ್ಡು ಬೇಕೆಂದು ‘ಪಾಂವ್’ ಎಂದ, ನಮ್ಮ ಪಾವು! ತರಕಾರಿಯವಳು ಆಲೂಗಡ್ಡೆಗೆ ಬಟಾಟ ಎಂದಳು. ಹಣ್ಣಿನವನಲ್ಲಿ ಅನಾನಸು ಅನಾನಸೇ. ಮನೆಯ ಬೀಗದ ಕೈ ‘ಚಾವ್’, ನಮ್ಮ ಚಾವಿ; ಕಿಟಕಿ ‘ಜನೇಲ’, ಕರಾವಳಿಯವರ ಜನೇಲು. ಪೋರ್ತುಗೀಸರಿಂದ ಬಂದ ಪದಗಳೆಂದು ಪಟ್ಟಿ ಮಾಡಿಸಿ ಪರೀಕ್ಷೆಗೆ ಬರೆಸುತ್ತಿದ್ದವನಿಗೆ ಅವು ಸಂತೆಯ ಬಾಯಲ್ಲಿ ಜೀವಂತವಾಗಿ ಕೇಳಿಸಿದಾಗ ಆದ ಸಂತೋಷವನ್ನು ಹೇಳಲಾರೆ.

ಹೆಸರು ಕೇಳಿದ್ದರಿಂದ ಒಂದು ಅಪಾಯವೂ ತಪ್ಪಿತು. ಬಾದಾಮಿಯ ಒಂದು ಸೊಗಸಾದ ಕೇಕಿಗೆ ಕೈಚಾಚಿದ್ದೆ. ‘ತೊಸಿಂಞು ದು ಸೆಉ’ ಎಂಬ ಹೆಸರಿನ ಅರ್ಥ ‘ಸ್ವರ್ಗದ ಹಂದಿಕೊಬ್ಬು’ ಎಂದು ಶಿಷ್ಯ ಬಿಡಿಸಿ ಹೇಳಿದ. ಹಳೆಯ ಪದ್ಧತಿಯಲ್ಲಿ ಅದು ನಿಜವಾಗಿಯೂ ಬೀಳುತ್ತಿತ್ತಂತೆ. ಕೈ ತಾನಾಗಿ ಹಿಂದಕ್ಕೆ ಬಂತು.

ತಿಂದದ್ದು ಪಾಸ್ತೆಲ್ ದ ನಾತ. ಪದರದ ಬಟ್ಟಲಿನೊಳಗೆ ಹಾಲು, ಸಕ್ಕರೆ, ಮೊಟ್ಟೆಯ ಹಳದಿಯ ಪಾಕ. ಮೇಲೆ ಅಲ್ಲಲ್ಲಿ ಕರಿಕಟ್ಟಿದ ಬೊಟ್ಟು. ಈ ಸಲ ಮೊಟ್ಟೆಯೆಂದು ತಿಳಿದೇ ತಿಂದೆ. ಮಠದ ಸಂನ್ಯಾಸಿನಿಯರು ಉಡುಪಿಗೆ ಗಂಜಿಹಾಕಲು ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದರು, ಉಳಿದ ಹಳದಿಯಿಂದ ಇಂಥ ತಿಂಡಿಗಳು ಹುಟ್ಟಿದವು ಎಂದು ಅಲ್ಲಿನವರು ಹೇಳುತ್ತಾರೆ. 1834ರಲ್ಲಿ ಸರಕಾರ ಮಠಗಳನ್ನು ಮುಚ್ಚಿತು. ಬೆಲೆಂ ಎಂಬಲ್ಲಿನ ಜೆರೊನಿಮುಸ್ ಮಠದ ಪಾಕ ಪಕ್ಕದ ಅಂಗಡಿಗೆ ಸೇರಿ, 1837ರಿಂದ ಇಂದಿನವರೆಗೆ ಅಲ್ಲಿ ಮಾರಾಟವಾಗುತ್ತಿದೆ.

ಮೇಜಿನ ಮೇಲೆ ದಾಲ್ಚಿನ್ನಿ ಪುಡಿಯ ಡಬ್ಬಿ ಇತ್ತು. ಉದುರಿಸಿಕೊಂಡು ತಿನ್ನುವುದು ವಾಡಿಕೆ. ಆ ಪುಡಿ ಉದುರಿಸುತ್ತ ತಲೆಯೆತ್ತಿದರೆ ಎದುರಿಗೆ ಆ ಮಠದ ಕಲ್ಲಿನ ಗೋಡೆ. ಆಫ್ರಿಕ, ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಸುಮಾರು ಶೇಕಡಾ 5ರ ತೆರಿಗೆಯಿಂದ 1501ರಲ್ಲಿ ಕಟ್ಟಲು ತೊಡಗಿದ್ದು ಅದು. ಒಳಗೆ ವಾಸ್ಕೋ ಡ ಗಾಮನ ಸಮಾಧಿ. ದಾಲ್ಚಿನ್ನಿ ಸಿಂಹಳದಿಂದ, ಮೆಣಸು ನಮ್ಮ ಕರಾವಳಿಯಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಈ ಪೋರ್ತುಗೀಸರೇ ಮೆಣಸಿನ ರಾಣಿ ಎಂದು ಕರೆದರು. ಬಸರೂರಿನ ಅಕ್ಕಿ ಅವರ ಗೋವೆಯನ್ನು ಸಾಕಿತು. ಸಕ್ಕರೆ ಮದೀರ ದ್ವೀಪದ್ದು, ಆಮೇಲೆ ಬ್ರೆಜಿಲಿನದು. ಅದನ್ನು ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಎರಡನೆಯ ನಾತ ಕೈಯಲ್ಲಿತ್ತು. ತಿಂದೆ, ರುಚಿಯಾಗಿಯೇ ಇತ್ತು. ಆದರೆ ಮೊದಲನೆಯದನ್ನು ತಿಂದಷ್ಟು ಹಗುರಾಗಿ ತಿನ್ನಲಾಗಲಿಲ್ಲ. ಪೆಟ್ಟಿಗೆಯ ಅವಲಕ್ಕಿ ತಿಂದುಕೊಂಡಿದ್ದರೆ ಇದೊಂದೂ ನನ್ನ ಬಳಿಗೆ ಸುಳಿಯುತ್ತಿರಲಿಲ್ಲ.

ಮೊನ್ನೆ ಕಾಕು ಬೆಳಗಾವಿಯಿಂದ ಫೋನು ಮಾಡಿದ್ದರು.

"ಮಾಸ್ತರ, ಸೇಬು ಹಾಕಿ ಮಾಡಿ ನೋಡಿದೆ. ಮೂರು ಹರದು ಹೋದವು, ಒಂದು ಆತು. ಕಣಕ ಎಷ್ಟೊತ್ತು ನೆನಿಲಿಕ್ಕೆ ಇಡ್ತಾನ ಅಂತ ಅವನ್ನ ಕೇಳೂದ ಮರತೇವಿ ನೋಡ್ರಿ."